ಸೈಮಿಯ ಎರಡು ಏಟು

ಸೈಮಿ ಪೆಸೊನೆನ್‌ಗೆ ಎರಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಇನ್ನೊಬ್ಬಳ ದವಡೆ ಮುರಿದಿದ್ದರಿಂದ. ಹೆಲ್ಸಿಂಕಿಯ ಬಂದರಿನ ಕಡೆ, ಕಲ್ಲಿದ್ದಲ ರಾಶಿಗಳ ಹಿಂದೆ ಇದ್ದ ಆ ಕಾರ್ಖಾನೆಯಲ್ಲಿ ಬಾಗಿಲ ಹಿಡಿಕೆ, ಮೆಟ್ಟಿಲ ಕೈಪಟ್ಟಿ, ದೀಪದ ಬುಡ ಇಂಥವನ್ನೆಲ್ಲ ಕಂಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಅಚ್ಚಿನಿಂದ ಹೊರಬಂದ ಒರಟು ಹಿಡಿಕೆಯನ್ನು ರಭಸದಿಂದ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ನಯ ಮಾಡುವುದು ಹೆಂಗಸರ ಕೆಲಸ. ಒತ್ತುವ ಓರೆ ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಹಿಡಿಕೆಯನ್ನು ಕಿತ್ತುಕೊಂಡು ಎಸೆಯುತ್ತದೆ. 1947ರ ಜನವರಿಯಲ್ಲಿ ಹಾಗೆ ಹಾರಿದ ಒಂದು ಹಿಡಿಕೆ ಅದನ್ನು ಹಿಡಿದಿದ್ದವಳ ದವಡೆಗೇ ಬಡಿದು, ನಾಲ್ಕು ಹಲ್ಲುಗಳನ್ನು ನೆಲಕ್ಕೆ ಉದುರಿಸಿ ಗೋಡೆಗೆ ಹೋಗಿ ಬಿತ್ತು.

ಮಾರನೆಯ ದಿನ ಆ ಚಕ್ರದ ಮುಂದೆ ಸೈಮಿ ಬಂದು ನಿಂತಳು. ಮೂವತ್ತೊಂದು ವರ್ಷ, ಅಗಲ ಹೆಗಲು, ಎಡಗಣ್ಣಿನ ಕೆಳಗೆ ಹಳದಿಗೆ ತಿರುಗಿದ ಬಾವು.

"ಮುಖಕ್ಕೇನಾಯ್ತು?" ಎಂದು ಕೇಳಿದ ಮೇಸ್ತ್ರಿ ಲಿಂಡ್ರೂಸ್.

"ಮಂಜುಗಡ್ಡೆ ಮೇಲೆ ಜಾರಿಬಿದ್ದೆ."

"ಇಲ್ಲಿ ಜಾರೋ ಹಾಗಿಲ್ಲ, ತಿಳೀತಾ? ನಿನ್ನೆ ಒಬ್ಳು ಹಲ್ಲು ಕಳ್ಕೊಂಡ್ಳು."

"ನನ್ನವು ಗಟ್ಟಿ ಇವೆ, ಯಜಮಾನ್ರೇ. ಇದುವರೆಗೂ ಎರಡೇ ಹೋಗಿರೋದು."

ಲಿಂಡ್ರೂಸ್ ಅವಳ ಕೈಗೆ ಒಂದು ಒರಟು ಹಿಡಿಕೆ ಕೊಟ್ಟ.

ಆ ಎರಡು ಹಲ್ಲು ಉದುರಿಸಿದವನು ಅವಳ ಗಂಡ ಅರ್ವಿ. ಇಬ್ಬರೂ ವೀಪುರಿಯವರು, ಆ ಊರು ರಷ್ಯದ ಪಾಲಾದಾಗ ದನ ಸಾಗಿಸುವ ರೈಲುಡಬ್ಬಿಯಲ್ಲಿ ಬಂದವರು. ಮದುವೆಯಾದ ಹೊಸತರಲ್ಲಿ ಅರ್ವಿ ನಗಿಸುವ ಮನುಷ್ಯ, ಅಕಾರ್ಡಿಯನ್ ಬಾರಿಸುತ್ತಿದ್ದ. ಫಿರಂಗಿ ದಳದಲ್ಲಿ ನಾಲ್ಕು ವರ್ಷ ಕಳೆದು ಬಂದವನು ಮೊದಲ ಆರು ತಿಂಗಳು ಮಾತೇ ಆಡಲಿಲ್ಲ. ಆಮೇಲೆ ಆಡಿದ್ದು ಕೈ. ಕಲ್ಲಿಯೋ ಬಡಾವಣೆಯ ನಾಲ್ಕನೆಯ ಮಹಡಿಯಲ್ಲಿ ಅವರಿಗೆ ಒಂದೇ ಕೋಣೆ, ಒಂದು ಸೌದೆ ಒಲೆ. ಓಡಿಹೋಗಲು ಅಲ್ಲಿ ಇನ್ನೊಂದು ಕೋಣೆಯೂ ಇರಲಿಲ್ಲ. ಅವನು ಮುಷ್ಟಿಯಿಂದ ಹೊಡೆಯುತ್ತಿದ್ದ, ಬೂಟಿನಿಂದ ಒದೆಯುತ್ತಿದ್ದ, ಒಮ್ಮೆ ಒಲೆಯ ಕಬ್ಬಿಣದ ಕಡ್ಡಿಯಿಂದ ಬಾರಿಸಿದ. ಬೆಳಿಗ್ಗೆ ಎದ್ದರೆ ಯಾವಾಗಲೂ ಅದೇ ಮಾತು:

"ಒಂದೇ ಏಟು ಕಣೇ ಹೊಡೆದಿದ್ದು. ಒಂದಕ್ಕೇ ಇಷ್ಟು ರಂಪಾನಾ?"

ಹತ್ತಾದರೂ ಒಂದೇ, ಹದಿನೈದಾದರೂ ಒಂದೇ. ಮೊದಮೊದಲು ಸೈಮಿ "ಒಂಬತ್ತು" ಎಂದೋ "ಹನ್ನೊಂದು" ಎಂದೋ ತಿದ್ದುತ್ತಿದ್ದಳು. ತಿದ್ದಿದ್ದಕ್ಕೆ ಇನ್ನೊಂದು ಬೀಳುತ್ತಿತ್ತು. ಏಟಿಗಿಂತ ಆ 'ಒಂದೇ' ಎನ್ನುವ ಮಾತಿಗೆ ಅವಳ ಹೊಟ್ಟೆ ಹೆಚ್ಚು ಉರಿಯುತ್ತಿತ್ತು.

ಕಾರ್ಖಾನೆಯಲ್ಲಿ ಪಕ್ಕದ ಚಕ್ರದವಳು ಟ್ಯೂನೆ ಹೊಲ್ಲೊ. ಗಂಡ ಯುದ್ಧದಲ್ಲಿ ಸತ್ತಿದ್ದ. ಬಾಯಿ ಮಾತ್ರ ಸೇನೆಯ ತುಕಡಿಯೊಂದಕ್ಕೆ ಸಾಲುವಷ್ಟಿತ್ತು. ಶನಿವಾರ ಮಧ್ಯಾಹ್ನ ಬೀದಿಯ ಸೌನಾ ಹಬೆಮನೆಯಲ್ಲಿ ಹೆಂಗಸರೆಲ್ಲ ಬರಿಮೈಯಲ್ಲಿ ಹಲಗೆ ಮೇಲೆ ಕೂತು ಬೆವರುವಾಗ ಮುಚ್ಚಿಡುವುದಕ್ಕೆ ಏನಿರುತ್ತದೆ? ಟ್ಯೂನೆ ಬರ್ಚ್ ಎಲೆಯ ಕಟ್ಟಿನಿಂದ ಸೈಮಿಯ ಬೆನ್ನು ತಟ್ಟಲು ಹೋದವಳು ಕೈ ನಿಲ್ಲಿಸಿದಳು.

"ಇದೇನೇ ಇದು, ಬೆನ್ನ ಮೇಲೆ ಲಡೋಗ ಸರೋವರದ ನಕ್ಷೆ ಬರೆಸ್ಕೊಂಡಿದ್ದೀಯಾ?"

"ಚಕ್ರ ಹೊಡೀತು."

"ಬೆನ್ನಿಗೆ ಹೊಡೆಯೋ ಚಕ್ರ ನಾನು ಕಂಡಿಲ್ಲಮ್ಮ. ಕುಡಿದು ಮನೆಗೆ ಬರೋ ಚಕ್ರ ಇರ್ಬೇಕು ಅದು."

ಸುತ್ತಲಿದ್ದವರು ನಕ್ಕರು. ಸೈಮಿಯೂ ನಕ್ಕಳು, ನಗುತ್ತಲೇ ಮುಖ ತಿರುಗಿಸಿದಳು. ಟ್ಯೂನೆ ನಗಲಿಲ್ಲ. "ನಮ್ಮನೇಲಿ ಅಡುಗೆಮನೆ ಬೆಂಚು ಖಾಲಿ ಇದೆ. ಯಾವಾಗ ಬೇಕಾದ್ರೂ ಬಾ," ಎಂದಳು.

ಅದಕ್ಕೆ ವೇಳೆ ಬಂದದ್ದು 1949ರ ನವೆಂಬರಿನಲ್ಲಿ. ಭಾನುವಾರ, ಹೆರಿಂಗ್ ಮೀನಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾದದ್ದು. ಸೈಮಿ ಕೋಟನ್ನೂ ಹಾಕಿಕೊಳ್ಳದೆ ಮೆಟ್ಟಿಲ ಕಡೆಗೆ ಓಡಿದಳು. ಮೈಯೆಲ್ಲ ಹೊರಗೆ ಬಂದಿತ್ತು, ಬಲಗೈ ಮಾತ್ರ ಚೌಕಟ್ಟನ್ನು ಹಿಡಿದಿತ್ತು. ಅರ್ವಿ ಒಳಗಿನಿಂದ ಬಾಗಿಲು ಎಳೆದ. ಮೂಳೆ ಮುರಿದ ಸದ್ದು ಕೆಳಮಹಡಿಗೂ ಕೇಳಿಸಿತಂತೆ. ಅವಳು ಕಿರುಚಿದಳು. ಕೈ ಸಿಕ್ಕಿಕೊಂಡಿದೆ ಎಂದು ಅವನಿಗೆ ಕಾಣುತ್ತಿತ್ತು. ಅವನು ಬಾಗಿಲನ್ನು ಒಂದಿಷ್ಟು ತೆರೆದು, ಮತ್ತೆ ಎಳೆದ.

ಆಸ್ಪತ್ರೆಯಲ್ಲಿ ಮೂರು ಬೆರಳನ್ನು ಕಟ್ಟಿದರು. ಅವು ಡೊಂಕಾಗಿಯೇ ಕೂಡಿಕೊಂಡವು. ಮುಷ್ಟಿ ಮಡಚಲು ಬಾರದಾಯಿತು. ಅರ್ವಿ ಹಾಸಿಗೆಯ ಪಕ್ಕ ಕೂತು ಅತ್ತ. ಇನ್ನು ಕುಡಿಯುವುದಿಲ್ಲ ಎಂದ. ಸೈಮಿ ಟ್ಯೂನೆಯ ಬೆಂಚಿನ ಮೇಲೆ ಎರಡು ವಾರ ಮಲಗಿದ್ದು, ಕ್ರಿಸ್‌ಮಸ್ ಹತ್ತಿರ ಬಂದಾಗ ವಾಪಸು ಹೋದಳು. "ಥೂ, ಹೋಗೇ ಹೋಗು," ಎಂದು ಬೈದ ಟ್ಯೂನೆಯೇ ಅವಳ ಚೀಲವನ್ನು ಟ್ರ್ಯಾಮಿನವರೆಗೆ ಹೊತ್ತು ತಂದಳು.

ಚಕ್ರ ಹಿಡಿಯಲಾಗದವಳನ್ನು ಇಟ್ಟುಕೊಂಡು ಏನು ಮಾಡಲಿ ಎಂದ ಲಿಂಡ್ರೂಸ್. ಆಗ ಅವಳನ್ನು ತನ್ನ ಮೇಜಿಗೆ ಕೊಡಿ ಎಂದು ಕೇಳಿದವನು ಓಸ್ಕರಿ ವೂರಿಯೊ. ಅರವತ್ತರ ಮುದುಕ, ಎಡಗಿವಿ ಕೇಳಿಸದು. ಕಂಚು ಹೊಯ್ಯುವ ಮುನ್ನ ಬೇಕಾದ ಮರದ ಮಾದರಿಗಳನ್ನು ಕೆತ್ತುವುದು ಅವನ ಕೆಲಸ. ಆ ಚಳಿಗಾಲ ಕಾರ್ಖಾನೆಗೆ ದೊಡ್ಡದೊಂದು ಕೆಲಸ ಬಂದಿತ್ತು: ಹೊಸದಾಗಿ ಏಳುತ್ತಿದ್ದ ಪಿಂಚಣಿ ಕಚೇರಿಯ ಅಷ್ಟೂ ಬಾಗಿಲಿಗೆ ಹಿಡಿಕೆ. ಹೂಬಳ್ಳಿ, ಸಿಂಹದ ಮುಖ ಯಾವುದೂ ಬೇಡ. ಒಂದೇ ಕಂಚಿನ ಕೋಲು ನದಿ ತಿರುಗಿದ ಹಾಗೆ ಬಾಗಿ, ತುದಿ ಮತ್ತೆ ಬಾಗಿಲಿಗೇ ಸೇರಬೇಕು, ಹೋಗಿಬರುವವರ ಕೋಟಿನ ತೋಳು ಸಿಕ್ಕಿಕೊಳ್ಳಬಾರದು, ಒಂದು ತಿರುಪೂ ಕಣ್ಣಿಗೆ ಬೀಳಬಾರದು. ವಾಸ್ತುಶಿಲ್ಪಿಯ ಕಚೇರಿಯಿಂದ ನಕ್ಷೆ ತರುತ್ತಿದ್ದವಳು ಬ್ರೀತಾ ಸ್ಟೇನಿಯಸ್ ಎಂಬ ತರುಣಿ.

ವೂರಿಯೊ ಮೊದಲ ಮಾದರಿ ಕೆತ್ತಿ ಎಲ್ಲರ ಕೈಗೂ ಕೊಟ್ಟ. ಎಲ್ಲರೂ ಚೆನ್ನಾಗಿದೆ ಎಂದರು. ಸೈಮಿ ಹಿಡಿಯಲು ನೋಡಿದಳು, ಬೆರಳು ಸುತ್ತಲಿಲ್ಲ.

"ಇದು ಪಿಯಾನೊ ನುಡಿಸೋರ ಕೈಗೆ ಮಾಡಿದ್ದು," ಎಂದಳು.

"ನಿನ್ನ ಕೈಗೆ ಹೆಂಗಿರ್ಬೇಕು ಹೇಳು."

"ನನ್ನದು ಬಿಡಿ. ಅಲ್ಲಿಗೆ ಪಿಂಚಣಿ ಕೇಳೋಕೆ ಬರೋರು ಯಾರು? ಕೈ ಕಳ್ಕೊಂಡೋರು, ಬೆರಳು ಕಳ್ಕೊಂಡೋರು. ಬಾಗಿಲು ತೆಗೆಯೋಕೇ ಆಗ್ದಿದ್ರೆ ಅವರು ಒಳಗೆ ಹೋಗೋದು ಹೆಂಗೆ?"

ಮುದುಕ ಕೇಳಿಸುವ ಕಿವಿಯನ್ನು ಹತ್ತಿರ ತಂದು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಅವಳ ಅಂಗೈಗೆ ಹಸಿ ಜೇಡಿ ಮೆತ್ತಿ ಒತ್ತು ಎಂದ. ಒಂದೂವರೆ ತಿಂಗಳಲ್ಲಿ ಹನ್ನೊಂದು ಮಾದರಿಯಾಯಿತು. ಪ್ರತಿ ಸಲವೂ ಅವಳ ಡೊಂಕು ಕೈಯನ್ನು ಹಿಡಿದು, ಜೇಡಿ ಒತ್ತಿಸಿ, ಎಲ್ಲಿ ನೋಯುತ್ತದೆ ಎಂದು ಕೇಳುತ್ತಿದ್ದ. ಹಾಗೆ ಅವಳ ಕೈ ಹಿಡಿದು ನೋವೆಲ್ಲಿ ಎಂದು ಕೇಳಿದವರು ಬೇರೆ ಯಾರೂ ಇರಲಿಲ್ಲ. ಹನ್ನೊಂದನೆಯದು ಬೆರಳು ಮಡಚದೆ, ಬರೀ ಅಂಗೈ ಇಟ್ಟು ಒತ್ತಿದರೂ ಇಳಿಯುತ್ತಿತ್ತು. ಸ್ಟೇನಿಯಸ್ ಅದನ್ನು ಕೈಯಲ್ಲಿ ಹಿಡಿದು ಸೈಮಿಯ ಕೈ ನೋಡಿದಳು.

"ಕೈಗೆ ಏನಾಯ್ತು?"

"ಬಾಗಿಲಿಗೆ ಸಿಕ್ಕಿತು."

"ಎಂಥ ಬಾಗಿಲು?" ಆ ಹುಡುಗಿಗೆ ಬಾಗಿಲ ಬಗ್ಗೆ ನಿಜವಾದ ಕುತೂಹಲ.

"ಒಳಗೆ ಗಂಡ ಇದ್ದ ಬಾಗಿಲು."

ಸ್ಟೇನಿಯಸ್ ಕೆಂಪಾದಳು. ನಕ್ಷೆಯ ಮೇಲೆ ಹಳೆಯ ಗೆರೆ ಅಳಿಸಿ, ಹನ್ನೊಂದನೆಯ ಮಾದರಿಯ ಅಳತೆ ಬರೆದುಕೊಂಡು ಹೋದಳು. ಬಾಗಿಲ ಹೊರಮೈಗೆಂದು ಅದೇ ಬಾಗಿನ ಉದ್ದ ಹಿಡಿಕೆಯೂ ನಿಗದಿಯಾಯಿತು: ಮೊಳದುದ್ದ, ಎರಡು ಕಿಲೊ ತೂಕ.

ಬಂದರಿನಲ್ಲಿ ಅರ್ವಿಯ ಜೊತೆ ಕಲ್ಲಿದ್ದಲು ಇಳಿಸುವವರಲ್ಲಿ ಒಬ್ಬನ ತಂಗಿ ಕಾರ್ಖಾನೆಯಲ್ಲಿದ್ದಳು. ಅವಳು ಅಣ್ಣನಿಗೆ ಹೇಳಿದ ಸುದ್ದಿಯನ್ನು ಅಣ್ಣ ಅರ್ವಿಯ ಮುಂದೆ ಕಕ್ಕಿದ: "ನಿನ್ ಹೆಂಡ್ತಿ ಕೈಯನ್ನ ಆ ಕಿವುಡ ದಿನಾ ಹಿಡ್ಕೊಂಡು ಕೂರ್ತಾನಂತಲ್ಲೋ. ಜೇಡಿ ನೆಪ ಅಂತೆ."

1950ರ ಮಾರ್ಚ್ ತಿಂಗಳ ಒಂದು ಮಂಗಳವಾರ, ಊಟದ ಗಂಟೆಗೆ ಇನ್ನೂ ಅರ್ಧ ತಾಸಿತ್ತು. ಸೈಮಿ ಕಿಟಕಿಯ ಬಳಿ ನಿಂತು ಉದ್ದ ಹಿಡಿಕೆಯೊಂದರ ಬಾಗಿನ ಒಳಮೈಯನ್ನು ಅರದಿಂದ ತಿಕ್ಕುತ್ತಿದ್ದಳು. ಅರ್ವಿ ಅಂಗಳದ ಬಾಗಿಲಿನಿಂದ ಒಳಗೆ ಬಂದ. ಟೋಪಿ ಇರಲಿಲ್ಲ, ತಲೆಯ ಮೇಲೆ ಹಿಮ ಕೂತಿತ್ತು. ವೂರಿಯೊನ ಎಡಗಿವಿ ಬಾಗಿಲ ಕಡೆಗಿತ್ತು, ಅವನಿಗೆ ಏನೂ ಕೇಳಿಸಲಿಲ್ಲ.

"ಎದ್ದೇಳೋ, ಮುದಿ ಗೂಬೆ," ಎಂದ ಅರ್ವಿ.

ಮುದುಕ ತಲೆ ಎತ್ತಲಿಲ್ಲ. ಅರ್ವಿ ಸೊಂಟದ ಚಾಕು ಸೆಳೆದು ಮೇಜಿನ ಮೇಲಿದ್ದ ಅವನ ಮುಂಗೈಗೆ ಇರಿದ. ಅಲಗು ಎರಡು ಮೂಳೆಯ ನಡುವೆ ತೂರಿ ಕೆಳಗಿನ ಹಲಗೆಗೆ ನಾಟಿತು. ಚಕ್ರದ ಬಳಿಯಿಂದ ಟ್ಯೂನೆ ಕೂಗಿಕೊಂಡಳು. ಅರ್ವಿ ಚಾಕು ಕೀಳಲು ಜಗ್ಗಿದ, ಬರಲಿಲ್ಲ, ಮುದುಕನ ಎದೆಗೆ ಮೊಣಕಾಲು ಕೊಟ್ಟು ಕಿತ್ತುಕೊಂಡ. ರಕ್ತ ಮರದ ಪುಡಿಯ ಮೇಲೆ ಚಿಮ್ಮಿತು. ಇನ್ನೊಂದು ಇರಿತಕ್ಕೆ ಕೈ ಎತ್ತಿದ.

ಸೈಮಿ ಹಿಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಖಕ್ಕೆ ಅಡ್ಡಲಾಗಿ ಬೀಸಿದಳು. ಕೆನ್ನೆಯ ಮೂಳೆ ಒಳಗೆ ಕುಸಿಯಿತು. ಚಾಕು ಎಲ್ಲೋ ಹೋಗಿ ಬಿತ್ತು. ಅರ್ವಿ ಮಂಡಿಯೂರಿ, ಆಮೇಲೆ ಮಗ್ಗುಲಿಗೆ ಬಿದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಬಿದ್ದವನು ಅವಳನ್ನು ನೋಡಿ ಮುಖಕ್ಕೆ ಮೊಣಕೈ ಅಡ್ಡ ಹಿಡಿದ, ಮೈ ಮುದುಡಿಕೊಂಡ. ಹಾಗೆ ಕೈ ಅಡ್ಡ ಹಿಡಿಯುವುದು ಹೇಗೆಂದು ಅವಳಿಗೆ ಗೊತ್ತಿತ್ತು. ವರ್ಷಗಟ್ಟಲೆ ತಾನೇ ಹಿಡಿದ ಕೈ ಅದು. ಕಂಡು ಕನಿಕರ ಬರಬೇಕಿತ್ತು. ಬಂದದ್ದು ರೋಷ, ಇದುವರೆಗೆ ಮೈಯಲ್ಲಿ ಎಲ್ಲಿತ್ತೋ ಏನೋ ಎನ್ನುವಂಥ ರೋಷ. ಅವಳು ಕಾಲು ಅಗಲಿಸಿ ನಿಂತು ಇನ್ನೊಮ್ಮೆ ಹೊಡೆದಳು, ಕೈಯನ್ನು ದಾಟಿ ಕಣ್ಣಿಗೆ ಬೀಳುವ ಹಾಗೆ. ಆ ಏಟಿನಲ್ಲಿ ಅವಳಿಗೆ ಹಿತವೆನಿಸಿತು. ಟ್ಯೂನೆ ಬಂದು ಸೊಂಟ ಹಿಡಿದು ಎಳೆಯದಿದ್ದರೆ ಮೂರನೆಯದೂ ಬೀಳುತ್ತಿತ್ತು.

ಅರ್ವಿ ಸಾಯಲಿಲ್ಲ. ಬಲಗಣ್ಣು ಹೋಯಿತು, ನಾಲಿಗೆ ತೊದಲತೊಡಗಿತು. ವೂರಿಯೊನ ಬಲಗೈಯ ಎರಡು ಬೆರಳು ಮತ್ತೆಂದೂ ಅಲುಗಲಿಲ್ಲ.

ವಿಚಾರಣೆ ಮೇ ತಿಂಗಳಲ್ಲಿ ನಡೆಯಿತು. ಅವಳ ಪರ ವಕೀಲ ಎಲ್ಲರಿಗೂ ಹೇಳಿಕೊಟ್ಟಿದ್ದ: ಒಬ್ಬ ಮುದುಕನ ಜೀವ ಉಳಿಸಲು ಹೆದರಿದ ಹೆಂಗಸು ಕೊಟ್ಟ ಒಂದು ಏಟು, ಬಿಡುಗಡೆ ಖಂಡಿತ. ಟ್ಯೂನೆ ಕಟಕಟೆಯಲ್ಲಿ ನಿಂತು, "ಒಂದೇ ಏಟು, ಸ್ವಾಮಿ. ಅಷ್ಟಕ್ಕೇ ಉರುಳಿದ," ಎಂದಳು. ವೂರಿಯೊ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು, "ಒಂದೇ," ಎಂದ. ಮೇಸ್ತ್ರಿ ಲಿಂಡ್ರೂಸ್ ತಾನು ಕಂಚು ಕರಗಿಸುವ ಮೂಸೆಯ ಹತ್ತಿರ ಇದ್ದೆ, ನೋಡಲಿಲ್ಲ ಎಂದ. ಎದುರಿಗೆ ಕೂತಿದ್ದ ಅರ್ವಿಗೆ ಏನೂ ನೆನಪಿರಲಿಲ್ಲ.

ನ್ಯಾಯಾಧೀಶರು ಸೈಮಿಯ ಕಡೆ ತಿರುಗಿದರು. "ನೀವು ಹೇಳೋದೂ ಅದೇನಾ? ಒಂದು ಏಟು?"

ಒಂದೇ ಏಟು! ಆ ಮಾತು ಕಿವಿಗೆ ಬಿದ್ದದ್ದೇ ಸೈಮಿ ಅರ್ವಿಯ ಕಡೆ ನೋಡಿದಳು.

"ಎರಡು," ಎಂದಳು.

ವಕೀಲ ಅವಳ ತೋಳು ಹಿಡಿದ. ಅವಳು ಕೊಡವಿಕೊಂಡಳು.

"ಎರಡನೇ ಸಲ ಹೊಡೆದಾಗ ಅವನು ಏಳೋಕೆ ನೋಡ್ತಿದ್ದನಾ?" ಎಂದು ಕೇಳಿದರು ನ್ಯಾಯಾಧೀಶರು.

"ಇಲ್ಲ. ಕೈ ಅಡ್ಡ ಹಿಡಿದು ಮಲಗಿದ್ದ."

"ಚಾಕು?"

"ಅವನ ಕೈಯಲ್ಲಿರ್ಲಿಲ್ಲ. ನಾನು ನೋಡಿದ್ದೆ."

ಎಂಟು ತಿಂಗಳು ಸಜೆಯಾಯಿತು. ಹೊರಗಿನ ಮೊಗಸಾಲೆಯಲ್ಲಿ ಟ್ಯೂನೆ ಪೊಲೀಸರ ಮುಂದೆಯೇ ಅವಳ ಭುಜ ಹಿಡಿದು ಅಲುಗಾಡಿಸಿದಳು.

"ತಲೆ ಕೆಟ್ಟಿದೆಯೇನೇ ನಿಂಗೆ? ನಾವು ಬೈಬಲ್ ಮುಟ್ಟಿ ಸುಳ್ಳು ಹೇಳಿದ್ದು ಯಾರಿಗೋಸ್ಕರ? ಆ ಎರಡನೇದನ್ನ ನುಂಗ್ಕೊಂಡಿದ್ರೆ ಸಾಯ್ತಿದ್ಯಾ?"

"ನನಗೆ ಒಂದು ಅನ್ನೋಕೆ ಬಾಯಿ ಬರ್ಲಿಲ್ಲ, ಟ್ಯೂನೆ. ಅವನ ಥರಾನೇ ಕೇಳಿಸ್ತಿತ್ತು."

ಹಾಮೆನ್‌ಲಿನ್ನದ ಹೆಂಗಸರ ಜೈಲಿನಲ್ಲಿ ಅವಳು ಗೋಣಿಚೀಲ ಹೊಲಿದಳು. ಅಲ್ಲಿಯೂ ಹೊಡೆದಾಟಗಳಿದ್ದವು, ಬಟ್ಟೆ ಒಗೆಯುವ ಮನೆಯಲ್ಲಿ ಒಬ್ಬಳು ಅವಳ ತಲೆಯನ್ನು ಬಿಸಿನೀರಿಗೆ ಅದ್ದಿ ಹಿಡಿದಳು. ಸೈಮಿ ಅವಳ ಮಣಿಕಟ್ಟು ಕಚ್ಚಿ ಬಿಡಿಸಿಕೊಂಡಳೇ ಹೊರತು ತಿರುಗಿ ಹೊಡೆಯಲಿಲ್ಲ. ಹೊಡೆಯಲು ಹೆದರಿಕೆ. ಆ ದಿನ ಕೈಗೆ ಬಂದ ಹಿತ ಅವಳಿಗೆ ನೆನಪಿತ್ತು.

ಬಿಡುಗಡೆಯಾಗಿ ಬಂದವಳನ್ನು ಲಿಂಡ್ರೂಸ್ ಮತ್ತೆ ಕೆಲಸಕ್ಕೆ ತೆಗೆದುಕೊಂಡ. ವಿಚ್ಛೇದನವಾಯಿತು, ಅರ್ವಿಯನ್ನು ಕೊತ್ಕದಲ್ಲಿದ್ದ ಅವನ ಅಣ್ಣ ಕರೆದುಕೊಂಡು ಹೋದ. ಸೈಮಿ ಟ್ಯೂನೆಯ ಮನೆಯಲ್ಲಿ ನೆಲೆಯಾದಳು. ಪಿಂಚಣಿ ಕಚೇರಿ ತೆರೆದ ಮೇಲೆ ಒಂದು ದಿನ ವೂರಿಯೊ ಅವಳಿಗೆ ಅದನ್ನು ತೋರಿಸಲು ಕರೆದೊಯ್ದ. ಕಾವಲಿನವನು ತಡೆದ.

"ಯಾರನ್ನ ನೋಡ್ಬೇಕಿತ್ತು?"

"ಯಾರನ್ನೂ ಇಲ್ಲ. ಬಾಗಿಲು ನೋಡ್ಬೇಕಿತ್ತು," ಎಂದಳು ಸೈಮಿ.

ಒಂದೊಂದೇ ಬಾಗಿಲ ಹಿಡಿಕೆಯ ಬಾಗಿನ ಒಳಮೈಗೆ ಬೆರಳಾಡಿಸುತ್ತ ಮೂರು ಮಹಡಿ ಹತ್ತಿದಳು. ಪೊಲೀಸರು ಸಾಕ್ಷ್ಯಕ್ಕೆಂದು ಇಟ್ಟುಕೊಂಡಿದ್ದ ಹಿಡಿಕೆಯನ್ನು ಲಿಂಡ್ರೂಸ್ ಆಮೇಲೆ ವಾಪಸು ಕೇಳಿ ಪಡೆದಿದ್ದ. ಒಂದು ಕಡಿಮೆ ಬಿದ್ದಿತ್ತು, ತೊಳೆದು ಮಸೆದು ಇಲ್ಲೇ ಎಲ್ಲೋ ಜೋಡಿಸಿದ್ದರು. ಅದು ಟ್ಯೂನೆಯ ಬಾಯಿಂದ ಅವಳಿಗೆ ತಿಳಿದಿತ್ತು.

"ಯಾವುದು ಅದು?" ಎಂದು ಕೇಳಿದಳು.

"ಏನಂದೆ?" ಎಂದ ಮುದುಕ, ಎಡಗಿವಿ ತಿರುಗಿಸಿ. ಅವಳು ಎರಡು ಸಲ ಕೇಳಿದಳು. ಅವನು ಎರಡು ಸಲವೂ ಅದೇ ಕಿವಿ ಕೊಟ್ಟ.

ಅರ್ವಿಯನ್ನು ಅವಳು ಇನ್ನೊಮ್ಮೆ ಮಾತ್ರ ನೋಡಿದ್ದು, 1957ರಲ್ಲಿ. ಯಕೃತ್ತು ಕೆಟ್ಟು ಸಾಯುತ್ತಿದ್ದಾನೆ, ನಿನ್ನನ್ನು ಕೇಳುತ್ತಾನೆ ಎಂದು ಅಣ್ಣ ಕಾಗದ ಬರೆದಿದ್ದ. ಬಸ್ಸು ಹಿಡಿದು ಹೋದಳು. ಮಂಚದ ಮೇಲೆ ಹಳದಿ ಮುಖ, ಒಂದೇ ಕಣ್ಣು.

"ಎರಡು ಅಂತ ಯಾಕೆ ಹೇಳ್ದೆ ಕೋರ್ಟಲ್ಲಿ?" ತೊದಲುತ್ತ ಕೇಳಿದ.

"ಎರಡು ಹೊಡೆದಿದ್ದೆ. ಅದಕ್ಕೆ."

ಅವನು ಒಂಟಿ ಕಣ್ಣನ್ನು ಅವಳ ಡೊಂಕು ಬೆರಳುಗಳ ಕಡೆ ತಿರುಗಿಸಿದ. "ನಾನು ಎಷ್ಟು ಹೊಡೆದಿದ್ದೀನಿ, ಸೈಮಿ?"

"ನೀನೇ ಹೇಳು."

"ತುಂಬಾ," ಎಂದ. ಕಣ್ಣಿದ್ದ ಕಡೆಯಿಂದ ನೀರಿಳಿಯಿತು. "ತುಂಬಾ ತುಂಬಾ."

ಅವಳು ಚಮಚದಲ್ಲಿ ನೀರು ಕುಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಅವನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಹೊರಟುಬಂದಳು. ದಾರಿಯುದ್ದಕ್ಕೂ ಅತ್ತಳು ಎಂದು ಟ್ಯೂನೆಗೆ ಮಾತ್ರ ಹೇಳಿದಳು.

ಟ್ಯೂನೆ ಮತ್ತು ಅವಳು ಆಮೇಲೆ ವಲ್ಲಿಲದಲ್ಲಿ ಎರಡು ಕೋಣೆಯ ಮನೆ ಹಿಡಿದರು. 1969ರಲ್ಲಿ ಎದುರುಮನೆಗೆ ಹೊಸ ಜೋಡಿ ಬಂತು: ಲಾರಿ ಓಡಿಸುವವನು, ಹೆಂಡತಿ ರಾಕೆಲ್, ಇಪ್ಪತ್ತನಾಲ್ಕು ವರ್ಷ. ಅಕ್ಟೋಬರಿನ ಒಂದು ಮಧ್ಯಾಹ್ನ ಗೋಡೆಗೆ ಏನೋ ಅಪ್ಪಳಿಸಿದ ಸದ್ದು, ಆಮೇಲೆ ಅರ್ಧಕ್ಕೇ ನಿಂತ ಕೂಗು. ಐವತ್ತಮೂರರ ಸೈಮಿ ಹೋಗಿ ಬಾಗಿಲು ಬಡಿದಳು. ಗಂಡ ಬಾಗಿಲನ್ನು ಗೇಣಗಲ ತೆರೆದ. ಅವನ ಹಿಂದೆ ರಾಕೆಲ್, ಮೂಗಿನಿಂದ ರಕ್ತ.

"ನಿಂದೇನು ಇಲ್ಲಿ, ಮುದುಕಿ? ಹೋಗು, ಕಾಫಿ ಕುಡ್ಕೊಂಡು ಬಿದ್ಕೊ."

ಸೈಮಿ ಸಂದಿಗೆ ಕಾಲಿಟ್ಟಳು. ಅವನು ಬಾಗಿಲು ದೂಡಿದ. ಪಾದದ ಮೂಳೆ ಲಟಕ್ಕೆಂದಿತು; ಅವಳು ಕಾಲು ತೆಗೆಯಲಿಲ್ಲ. "ಬಾರೇ, ಬಾ!" ಎಂದು ಅವನ ಹೆಗಲ ಮೇಲಿನಿಂದ ಒಳಗೆ ಕೂಗಿದಳು. ಅವನು ಬಾಗಿಲು ಬಿಟ್ಟು ಅವಳ ಕುತ್ತಿಗೆಗೆ ಕೈ ಹಾಕಿದ. ಆ ಸಂದಿನಲ್ಲಿ ರಾಕೆಲ್ ಬರಿಗಾಲಿನಲ್ಲಿ ತೋಳಡಿಯಿಂದ ನುಸುಳಿ ಟ್ಯೂನೆಯ ಬಾಗಿಲೊಳಗೆ ಓಡಿದಳು. ಅವನು ಸೈಮಿಯನ್ನು ಮೆಟ್ಟಿಲ ಕಡೆಗೆ ನೂಕಿದ. ಏಳು ಮೆಟ್ಟಿಲು ಉರುಳಿದ ಅವಳು ಕೈಪಟ್ಟಿ ಹಿಡಿದು ಎದ್ದು ನಿಂತಳು, ಬಾಯಲ್ಲಿ ತುಂಬಿದ ರಕ್ತವನ್ನು ಉಗುಳಿದಳು. ಅಷ್ಟರಲ್ಲಿ ಟ್ಯೂನೆ ಫೋನು ಮಾಡಿದ್ದಳು. ಪೊಲೀಸರು ಬಂದು ಅವನನ್ನು ಕರೆದೊಯ್ದರು.

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕುವಾಗ ರಾಕೆಲ್ ಪಕ್ಕದಲ್ಲಿದ್ದಳು.

"ಅವನು ಎಂಥವನು ಅಂತ ಗೊತ್ತಿತ್ತಲ್ಲ ನಿಮಗೆ. ಬರಿಗೈಲಿ ಯಾಕೆ ಬಂದ್ರಿ, ಅಕ್ಕ? ಏನಾದ್ರೂ ಹಿಡ್ಕೊಂಡು ಬರೋದಲ್ವಾ?"

"ಹಿಡ್ಕೊಂಡು ಬಂದಿದ್ರೆ ನನ್ನ ಕೈ ನಿಲ್ಲಿಸೋಕೆ ಆಗ್ತಿರ್ಲಿಲ್ಲಮ್ಮ," ಎಂದಳು ಸೈಮಿ.

ರಾಕೆಲ್ ಐದು ವಾರ ಅವರ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದಳು. ಆಮೇಲೆ ತಾಂಪೆರೆಯಲ್ಲಿ ಬಟ್ಟೆ ಗಿರಣಿ ಸೇರಿದಳು. ಸೈಮಿ ಕುಂಟುತ್ತಲೇ ಇನ್ನೂ ಎಂಟು ವರ್ಷ ಕಾರ್ಖಾನೆಗೆ ಹೋದಳು.